ಕಡಲ ತಡಿಯಿಂದ ಬಸದಿಯ ಬಾಗಿಲಿಗೆ: ಒಬ್ಬ ಗೈಡ್ ಕಲಿತ ಪಾಠಗಳು

ಮಲ್ಪೆಯಿಂದ ಕಾಪುವರೆಗಿನ ತೀರದ ರೆಸಾರ್ಟುಗಳಿಗೆ ಬರುವವರು ಕಡಲಿಗಾಗಿಯೇ ಬರುತ್ತಾರೆ. ಒಂದು ದಿನ ನೀರಾಟ, ಇನ್ನೊಂದು ದಿನ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ, ಸಂಜೆ ಕಾಪುವಿನ ದೀಪಸ್ತಂಭ. ಅಷ್ಟಾದ ಮೇಲೆ 'ಇಲ್ಲಿ ನೋಡಲು ಬೇರೇನಿದೆ' ಎಂದು ಕೇಳುತ್ತಾರೆ. ಅಂಥವರನ್ನು ಬೆಳಿಗ್ಗೆ ವ್ಯಾನಿನಲ್ಲಿ ಕೂರಿಸಿಕೊಂಡು ಕಾರ್ಕಳ, ಮೂಡುಬಿದಿರೆಗಳಿಗೆ ಕರೆದುಕೊಂಡು ಹೋಗಿ ಕತ್ತಲಾಗುವ ಮೊದಲು ವಾಪಸು ತಲುಪಿಸುವುದು ನನ್ನ ಕೆಲಸ. ನನಗೆ ಇದನ್ನು ಕುಳಿತು ಕಲಿಸಿದವರಿಲ್ಲ. ಬಂದ ಅತಿಥಿಗಳು, ವ್ಯಾನಿನ ಚಾಲಕರು, ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು, ಬೆಟ್ಟದ ಬುಡದಲ್ಲಿ ಎಳನೀರು ಮಾರುವವರು ತಿದ್ದಿದಷ್ಟು ತಿದ್ದಿಕೊಂಡಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೂ, ಇಂಥ ಪ್ರವಾಸಕ್ಕೆ ಹೊರಡುವವರಿಗೂ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

1. ಕಥೆ ಮರಳಿನ ಮೇಲೆಯೇ ಶುರುವಾಗಲಿ

ಮೊದಮೊದಲು ನಾನು ಬಾಯಿ ತೆರೆಯುತ್ತಿದ್ದುದೇ ಕಾರ್ಕಳ ಹತ್ತಿರವಾದ ಮೇಲೆ. ರಾಜನ ಹೆಸರು, ಇಸವಿ, ಮೂರ್ತಿಯ ಎತ್ತರ, ಇಷ್ಟನ್ನು ಒಪ್ಪಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಒಮ್ಮೆ ಒಬ್ಬ ಹಿರಿಯ ಅತಿಥಿ, 'ಇಷ್ಟು ಸಣ್ಣ ಸೀಮೆಯ ಅರಸನಿಗೆ ಇಷ್ಟು ದೊಡ್ಡ ಕೆಲಸಕ್ಕೆ ದುಡ್ಡು ಎಲ್ಲಿಂದ ಬಂತು' ಎಂದು ಕೇಳಿದರು. ನಾನು ಭಕ್ತಿ ಎಂದೆ. ಅವರು ತಲೆಯಾಡಿಸಿದರು, ಆದರೆ ಒಪ್ಪಿದಂತೆ ಕಾಣಲಿಲ್ಲ. ಉತ್ತರ ಅಲ್ಲಿ ಕಾರ್ಕಳದಲ್ಲಿ ಇರಲಿಲ್ಲ, ನಾವು ಬೆಳಿಗ್ಗೆ ಬಿಟ್ಟುಬಂದ ತೀರದಲ್ಲಿತ್ತು.

ಈ ಕರಾವಳಿ ಶತಮಾನಗಟ್ಟಲೆ ಅಕ್ಕಿ ಮತ್ತು ಕಾಳುಮೆಣಸನ್ನು ಹಡಗಿಗೆ ಏರಿಸಿದ ನೆಲ. ಮಲ್ಪೆಯಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಬಾರಕೂರು. ಆಳುಪರ ರಾಜಧಾನಿಯಾಗಿದ್ದ, ಆಮೇಲೆ ವಿಜಯನಗರದ ಬಾರಕೂರು ರಾಜ್ಯದ ಕೇಂದ್ರವಾಗಿದ್ದ ಊರು. ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂದು ಹಳೆಯ ಪೇಟೆಯ ಬೀದಿಗಳ ಹೆಸರು ಇವತ್ತಿಗೂ ಉಳಿದಿವೆ. 14ನೇ ಶತಮಾನದಲ್ಲಿ ಈ ತೀರದುದ್ದಕ್ಕೂ ಸಾಗಿದ ಇಬ್ನ್ ಬತೂತ ಹೆಸರಿಸುವ ಫಾಕನೂರು ಇದೇ ಬಾರಕೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. 16ನೇ ಶತಮಾನದ ಆರಂಭದಲ್ಲಿ ಬಂದ ಪೋರ್ಚುಗೀಸ್ ದುವಾರ್ತೆ ಬಾರ್ಬೋಸ ಬಾರಕೂರು, ಬಸರೂರುಗಳಿಂದ ಹೊರಗೆ ಹೋಗುತ್ತಿದ್ದ ಅಕ್ಕಿಯ ವ್ಯಾಪಾರವನ್ನು ಬರೆದಿಟ್ಟಿದ್ದಾನೆ. ಇನ್ನೂ ಉತ್ತರದ ಭಟ್ಕಳದಲ್ಲಿ ವಿಜಯನಗರದ ಸೈನ್ಯಕ್ಕೆ ಕುದುರೆಗಳು ಇಳಿಯುತ್ತಿದ್ದವು. ಘಟ್ಟದ ಮೆಣಸು ಕೆಳಗಿಳಿಯುವ ದಾರಿಗಳನ್ನೂ ಅವುಗಳ ಸುಂಕವನ್ನೂ ಹಿಡಿದಿದ್ದವರು ಒಳನಾಡಿನ ಅರಸುಮನೆತನಗಳು. ಸರಕು ಕೂಡಿಹಾಕಿ ವ್ಯಾಪಾರ ನಡೆಸಿದವರಲ್ಲಿ ಜೈನ ಸೆಟ್ಟರು ಮುಖ್ಯರು. ಬಸದಿಯ ಕಲ್ಲಿಗೆ ದುಡ್ಡು ಬಂದದ್ದು ಹೀಗೆ.

ಈಗ ಹೊರಡುವ ಮೊದಲು ಎಲ್ಲರನ್ನೂ ಮರಳಿನ ಮೇಲೆ ನಿಲ್ಲಿಸುತ್ತೇನೆ. ಬಾರಕೂರು ಯಾವ ದಿಕ್ಕು, ಘಟ್ಟ ಯಾವ ದಿಕ್ಕು, ಹಡಗು ಎಲ್ಲಿ ನಿಲ್ಲುತ್ತಿತ್ತು ಎಂದು ಕೈಮಾಡಿ ತೋರಿಸಿ ಹತ್ತು ನಿಮಿಷ ಮಾತಾಡುತ್ತೇನೆ. ಆಮೇಲೆ ವ್ಯಾನಿನಲ್ಲಿ ಸುಮ್ಮನಿರುತ್ತೇನೆ. ದಾರಿಯಲ್ಲಿ ಗದ್ದೆ ಕಂಡರೆ, ಮೆಣಸಿನ ಬಳ್ಳಿ ಹಬ್ಬಿದ ಅಡಿಕೆ ತೋಟ ಕಂಡರೆ ಅವರೇ ಕೇಳುತ್ತಾರೆ.

2. ಒಂದು ದಿನಕ್ಕೆ ಮೂರು ಜಾಗ ಸಾಕು

ಮೊದಲ ವರ್ಷದ ನನ್ನ ಪಟ್ಟಿಯಲ್ಲಿ ಬಾರಕೂರು, ವರಂಗ, ಕಾರ್ಕಳ, ಮೂಡುಬಿದಿರೆ, ವೇಣೂರು ಎಲ್ಲವೂ ಇದ್ದವು. ಹೆಸರು ಹೆಚ್ಚಾದಷ್ಟೂ ಅತಿಥಿಗಳಿಗೆ ಕೊಟ್ಟ ಹಣಕ್ಕೆ ತಕ್ಕ ಫಲ ಎಂಬ ಲೆಕ್ಕ. ಒಂದು ದಿನ ವೇಣೂರು ತಲುಪುವಾಗ ಹೊತ್ತು ಇಳಿದಿತ್ತು. ಫಲ್ಗುಣಿ ನದಿಯ ದಡದ ಆ ಊರಿನಲ್ಲಿ 1604ರಲ್ಲಿ ಅಜಿಲ ಅರಸ ತಿಮ್ಮಣ್ಣ ನಿಲ್ಲಿಸಿದ 35 ಅಡಿಯ ಗೊಮ್ಮಟನಿದ್ದಾನೆ. ವ್ಯಾನಿನಿಂದ ಇಳಿದವರು ಇಬ್ಬರೇ. ಉಳಿದವರು ಕಿಟಕಿಯಿಂದ ನೋಡಿ, 'ಬೆಳಿಗ್ಗೆ ನೋಡಿದ್ದೂ ಇದೇ ಅಲ್ಲವೇ' ಎಂದರು. ಅವರದು ತಪ್ಪಲ್ಲ. ಅಷ್ಟು ಹೊತ್ತಿಗೆ ಅವರ ಕಣ್ಣಿಗೂ ಕಾಲಿಗೂ ಶಕ್ತಿ ಉಳಿಯದ ಹಾಗೆ ಮಾಡಿದ್ದು ನಾನು.

ಈಗ ಬೆಳಿಗ್ಗೆ ಕಾರ್ಕಳದ ಗೊಮ್ಮಟ ಬೆಟ್ಟ ಮತ್ತು ಚತುರ್ಮುಖ ಬಸದಿ, ಮಧ್ಯಾಹ್ನದ ಮೇಲೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಇಷ್ಟೇ. ಗುಂಪು ಸಣ್ಣದಿದ್ದು ಹೊತ್ತು ಉಳಿದರೆ ಮಾತ್ರ ಮೂಡುಬಿದಿರೆಯ ಚೌಟರ ಅರಮನೆ. ಒಂಬತ್ತು ಹೆಣ್ಣುಗಳು ಸೇರಿ ಆನೆಯಾಗುವ ನವನಾರಿ ಕುಂಜರ, ಐವರು ಸೇರಿ ಕುದುರೆಯಾಗುವ ಪಂಚನಾರಿ ತುರಗ ಅಲ್ಲಿನ ಮರದ ಕಂಬಗಳಲ್ಲಿವೆ. ವೇಣೂರಿಗೂ ವರಂಗಕ್ಕೂ ಬೇರೆಯೇ ದಿನ ಬೇಕು ಎಂದು ಮೊದಲೇ ಹೇಳಿಬಿಡುತ್ತೇನೆ. ಪಟ್ಟಿ ಚಿಕ್ಕದೆಂದು ಕೆಲವರು ಬೇರೆ ವಾಹನ ಹಿಡಿಯುತ್ತಾರೆ. ಹಿಡಿಯಲಿ.

3. ಪಾದೆ ಕಾಯುವ ಮೊದಲು ಬೆಟ್ಟ ಹತ್ತಿ

ಗೊಮ್ಮಟ ನಿಂತಿರುವುದು ಬೋಳು ಕಲ್ಲುಗುಡ್ಡದ ಮೇಲೆ. ಅಲ್ಲಿ ಚಪ್ಪಲಿ ಇಲ್ಲ. ಮಾರ್ಚ್ ತಿಂಗಳಲ್ಲಿ ಹನ್ನೊಂದು ಗಂಟೆಯ ಮೇಲೆ ಹೋದರೆ ಅಂಗಾಲು ಸುಟ್ಟುಕೊಂಡು ಓಡಾಡುವ ಮಕ್ಕಳು ಗೊಮ್ಮಟನನ್ನು ನೋಡುವುದಿಲ್ಲ, ನೆರಳನ್ನು ಹುಡುಕುತ್ತಾರೆ. ಎಂಟೂವರೆ, ಒಂಬತ್ತರೊಳಗೆ ಮೇಲೆ ಇರಬೇಕು. ಇದಕ್ಕಾಗಿ ರೆಸಾರ್ಟಿನ ಬೆಳಗಿನ ಉಪಾಹಾರ ಬಿಡಬೇಕಾಗುತ್ತದೆ. ದಾರಿಯಲ್ಲಿ ಬನ್ಸ್ ಅಥವಾ ಗೋಳಿಬಜೆ ಸಿಗುತ್ತದೆ, ಯಾರೂ ಬೇಸರಪಟ್ಟದ್ದು ನೋಡಿಲ್ಲ. ದಪ್ಪ ಕಾಲುಚೀಲ ಇಟ್ಟುಕೊಳ್ಳಲು ಹಿಂದಿನ ದಿನವೇ ಹೇಳಿ.

4. ಶಾಸನವೂ ಮಾತಾಡಲಿ, ಪಾಡ್ದನವೂ ಮಾತಾಡಲಿ

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದು, ತಡವಾಗಿ ಕಲಿತದ್ದೂ ಇದೇ.

ಕಾರ್ಕಳದ ಗೊಮ್ಮಟನ ಬಗ್ಗೆ ಶಾಸನ ಹೇಳುವುದು ಸ್ಪಷ್ಟವಾಗಿದೆ. ಭೈರರಸ ಮನೆತನದ ವೀರಪಾಂಡ್ಯ, ಗುರು ಲಲಿತಕೀರ್ತಿಗಳ ಪ್ರೇರಣೆಯಿಂದ, 1432ರ ಫೆಬ್ರವರಿಯಲ್ಲಿ ಪ್ರತಿಷ್ಠೆ ಮಾಡಿಸಿದ. ಎತ್ತರ ಸುಮಾರು 42 ಅಡಿ. ನಾಲ್ಕು ವರ್ಷ ಕಳೆದು, 1436ರಲ್ಲಿ, ಎದುರಿನ ಬ್ರಹ್ಮದೇವ ಕಂಬವನ್ನು ನಿಲ್ಲಿಸಿದ. ನಾನು ಇಷ್ಟನ್ನೇ ಹೇಳುತ್ತಿದ್ದೆ. ಯಾರಾದರೂ ಕಲ್ಕುಡನ ಕಥೆ ಎತ್ತಿದರೆ, 'ಅದು ದಂತಕಥೆ, ಇತಿಹಾಸವಲ್ಲ' ಎಂದು ಮುಗಿಸುತ್ತಿದ್ದೆ. ಹಾಗೆ ಹೇಳುವುದು ಓದಿದವನ ಲಕ್ಷಣ ಎಂದು ನಂಬಿದ್ದೆ.

ತುಳುವಿನ ಹಾಡುಕಥೆಯಾದ ಪಾಡ್ದನ ಹೇಳುವುದು ಬೇರೆ. ಬೆಳಗೊಳದ ಗೊಮ್ಮಟನನ್ನು ಕಡೆದ ಶಂಭು ಕಲ್ಕುಡನ ಮಗ ಬೀರ ಕಲ್ಕುಡ ಕಾರ್ಕಳದ ಗೊಮ್ಮಟನನ್ನು ಕಡೆದ. ಇಂಥ ಕೆಲಸ ಇನ್ನೆಲ್ಲೂ ಆಗಬಾರದು ಎಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಉಳಿದ ಒಂದು ಕೈ, ಒಂದು ಕಾಲಿನಲ್ಲಿ ಅವನು ವೇಣೂರಿಗೆ ಹೋಗಿ ಅಲ್ಲಿಯ ಗೊಮ್ಮಟನನ್ನು ಕಡೆದ. ತಂಗಿ ಕಲ್ಲುರ್ಟಿ ಅಣ್ಣನ ಸ್ಥಿತಿ ಕಂಡು ಕೆರಳಿದಳು. ಇಬ್ಬರೂ ಮಾಯವಾಗಿ ದೈವಗಳಾಗಿ ಅರಸನ ಮೇಲೆ ಸೇಡು ತೀರಿಸಿಕೊಂಡರು.

ಒಂದು ದಿನ ವ್ಯಾನಿನಲ್ಲಿ ಎಂದಿನಂತೆ 'ದಂತಕಥೆ' ಎಂದು ತಳ್ಳಿಹಾಕಿದೆ. ಸಂಜೆ ಅತಿಥಿಗಳನ್ನು ಇಳಿಸಿದ ಮೇಲೆ ಚಾಲಕರು ನಿಧಾನವಾಗಿ ಹೇಳಿದರು: ಅವರ ಮನೆಯಲ್ಲಿ ತಲೆಮಾರುಗಳಿಂದ ಕಲ್ಲುರ್ಟಿಯನ್ನು ನಂಬಿಕೊಂಡು ಬಂದಿದ್ದಾರೆ, ವರ್ಷಕ್ಕೊಮ್ಮೆ ಕೋಲ ನಡೆಯುತ್ತದೆ. 'ನೀವು ಸುಳ್ಳು ಅಂದಾಗ ನನಗೆ ಏನೂ ಅನ್ನಲಿಕ್ಕಾಗಲಿಲ್ಲ, ಸ್ಟೇರಿಂಗ್ ಹಿಡಿದಿದ್ದೆ' ಎಂದರು. ದಿನವಿಡೀ ಜೊತೆಗಿದ್ದು ನಮ್ಮೆಲ್ಲರ ಜೀವ ಕಾದವರ ಮನೆಯ ದೈವವನ್ನು ನಾನು ಹೊರಗಿನವರ ಮುಂದೆ ಒಂದೇ ಪದದಲ್ಲಿ ಹೊಡೆದುಹಾಕಿದ್ದೆ. ಅವರ ಬಳಿ ಕ್ಷಮೆ ಕೇಳಿದೆ. ಆ ವರ್ಷ ಅವರ ಮನೆಯ ಕೋಲಕ್ಕೆ ಕರೆದರು, ಹೋದೆ. ಪಾಡ್ದನವನ್ನು ಪುಸ್ತಕದಲ್ಲಿ ಓದುವುದಕ್ಕೂ ಅಂಗಳದಲ್ಲಿ ನಿಂತು ಕೇಳುವುದಕ್ಕೂ ಇರುವ ಅಂತರ ಆಗ ತಿಳಿಯಿತು.

ಕಾರ್ಕಳಕ್ಕೂ ವೇಣೂರಿಗೂ ನಡುವೆ 172 ವರ್ಷಗಳ ಅಂತರವಿದೆ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಇದನ್ನು ಈಗಲೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಆದರೆ ಶಾಸನ ಮಾಡಿಸಿದವನನ್ನು ನೆನೆಯುತ್ತದೆ, ಪಾಡ್ದನ ಮಾಡಿದವನನ್ನು ನೆನೆಯುತ್ತದೆ. ಕಲ್ಲು ಕೆತ್ತಿದ ಕೈಗಳ ಬಗ್ಗೆ, ಆ ಕೈಗಳಿಗೆ ಆದ ಅನ್ಯಾಯದ ಬಗ್ಗೆ ಊರಿನ ಜನ ಏನನ್ನು ಶತಮಾನಗಟ್ಟಲೆ ಹಾಡಿಕೊಂಡು ಬಂದರು ಎಂಬುದೂ ಈ ನಾಡಿನ ಚರಿತ್ರೆಯ ಭಾಗವೇ. ಈಗ ಗೊಮ್ಮಟನ ಮುಂದೆ ಎರಡನ್ನೂ ಹೇಳುತ್ತೇನೆ, ಪಾಡ್ದನದ ಭಾಗವನ್ನು ಒಮ್ಮೊಮ್ಮೆ ಚಾಲಕರೇ ಹೇಳುತ್ತಾರೆ. ನನಗಿಂತ ಚೆನ್ನಾಗಿ ಹೇಳುತ್ತಾರೆ. ಕಾರ್ಕಳದ ಕಲ್ಲುಕೆಲಸ ಇಲ್ಲಿಗೇ ನಿಲ್ಲಲಿಲ್ಲ ಎಂದೂ ಸೇರಿಸುತ್ತೇನೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು 20ನೇ ಶತಮಾನದಲ್ಲಿ ಕಡೆದವರು ಇದೇ ಊರಿನ ರೆಂಜಾಳ ಗೋಪಾಲಕೃಷ್ಣ ಶೆಣೈ.

5. ನಾಲ್ಕು ಬಾಗಿಲು ಸುತ್ತುವಾಗ ಸುಮ್ಮನಿರಿ

ಬೆಟ್ಟದ ಎದುರಿನ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ರೀತಿಯ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಅರನಾಥ, ಮಲ್ಲಿನಾಥ, ಮುನಿಸುವ್ರತರ ಮೂರ್ತಿಗಳು ಎದುರಾಗುತ್ತವೆ. ಒಳಗೂ ಹೊರಗೂ ಸೇರಿ 108 ಕಂಬಗಳು. ಕಟ್ಟಿಸಿದವನು ಇಮ್ಮಡಿ ಭೈರರಸ, 1586ರಲ್ಲಿ. ಅಂದರೆ 1565ರ ಯುದ್ಧದಲ್ಲಿ ವಿಜಯನಗರ ಸೋತು ಎರಡು ದಶಕ ಕಳೆದ ಮೇಲೆ. ಸಾಮ್ರಾಜ್ಯ ಕುಸಿದ ನಂತರವೂ ಕರಾವಳಿಯ ಸಣ್ಣ ಅರಸೊಬ್ಬ ಇಂಥದನ್ನು ಕಟ್ಟಿಸಬಲ್ಲವನಾಗಿದ್ದ ಎಂಬುದನ್ನು ನಾನು ಹೊರಗೆ, ಮೆಟ್ಟಿಲ ಮೇಲೆಯೇ ಹೇಳಿ ಮುಗಿಸುತ್ತೇನೆ. ಒಳಗೆ ಮಾತಿಲ್ಲ. ಒಂದು ಸುತ್ತು ಬಂದರೆ ಕಟ್ಟಿದವರ ಲೆಕ್ಕಾಚಾರ ತಾನಾಗಿ ಅರ್ಥವಾಗುತ್ತದೆ. ಒಂದು ಬಾಗಿಲಿನಿಂದ ಹೊರಗೆ ನೋಡಿದರೆ ಬೆಟ್ಟದ ಮೇಲಿನ ಗೊಮ್ಮಟ ಕಾಣುತ್ತಾನೆ. ಅದನ್ನೂ ತೋರಿಸಬೇಡಿ, ಅವರೇ ಕಂಡುಕೊಳ್ಳಲಿ.

6. ಬಟ್ಟೆಯ ಮಾತು ಹಿಂದಿನ ರಾತ್ರಿಯೇ ಆಗಲಿ

ಕಡಲತೀರದ ಬಟ್ಟೆ ಬೇರೆ, ಬಸದಿಯ ಬಟ್ಟೆ ಬೇರೆ. ಇದನ್ನು ಹೇಳಲು ನಾನು ಮೊದಲು ಸಂಕೋಚಪಡುತ್ತಿದ್ದೆ. ಹಣ ಕೊಟ್ಟು ಬಂದವರಿಗೆ ಇಂಥದೇ ಉಡಿ ಎನ್ನುವುದು ಹೇಗೆ ಎಂದು. ಅದರ ಫಲವಾಗಿ ಒಬ್ಬ ತರುಣಿಯನ್ನು ಬಾಗಿಲಲ್ಲೇ ತಡೆದರು. ಎಲ್ಲರೂ ಒಳಗೆ ಹೋದರು, ಆಕೆ ಜಗಲಿಯಲ್ಲಿ ಕುಳಿತಳು. ಆಕೆಗೆ ಆದ ಅವಮಾನಕ್ಕೆ ಕಾರಣ ಬಸದಿಯವರಲ್ಲ, ಆಕೆಯೂ ಅಲ್ಲ.

ಇವು ಬರಿದಾದ ಕಟ್ಟಡಗಳಲ್ಲ. ಬೆಳಿಗ್ಗೆ ಅಭಿಷೇಕ ನಡೆಯುತ್ತದೆ, ಸಂಜೆ ದೀಪ ಹಚ್ಚುತ್ತಾರೆ. ದೂರದೂರಿನಿಂದ ಬಂದ ಯಾತ್ರಿಕರು ಕಂಬದ ಪಕ್ಕ ಕಣ್ಣುಮುಚ್ಚಿ ಕುಳಿತಿರುತ್ತಾರೆ. ಅವರಿಗೆ ಈ ಜಾಗದ ಮೇಲೆ ನಮಗಿಂತ ಹೆಚ್ಚು ಹಕ್ಕಿದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ, ಚರ್ಮದ ಬೆಲ್ಟು ಪರ್ಸು ವ್ಯಾನಿನಲ್ಲೇ, ಒಪ್ಪಿಗೆ ಇಲ್ಲದೆ ಒಳಗೆ ಫೋಟೋ ಇಲ್ಲ. ಇಷ್ಟನ್ನು ಹಿಂದಿನ ರಾತ್ರಿ ಊಟದ ಹೊತ್ತಿಗೆ ಪ್ರತಿಯೊಬ್ಬರಿಗೂ ಹೇಳುತ್ತೇನೆ. ವ್ಯಾನಿನಲ್ಲಿ ಒಗೆದ ಲುಂಗಿ, ಶಾಲುಗಳ ಒಂದು ಚೀಲ ಸದಾ ಇರುತ್ತದೆ.

7. ಊಟ ಊರಿನದೇ ಇರಲಿ

ರೆಸಾರ್ಟಿನಿಂದ ಕಟ್ಟಿಕೊಂಡು ಹೋದ ಸ್ಯಾಂಡ್‌ವಿಚ್ ಬೇಡ. ಮಧ್ಯಾಹ್ನ ಬಾಳೆಲೆಯ ಮೇಲೆ ಕುಚ್ಚಲಕ್ಕಿ ಅನ್ನ ಬಿದ್ದಾಗ, ಬೆಳಿಗ್ಗೆ ಹೇಳಿದ ಬಾರಕೂರಿನ ಅಕ್ಕಿಯ ಕಥೆಯನ್ನು ಇನ್ನೊಂದು ಸಲ ನೆನಪಿಸಿದರೆ ಸಾಕು.

8. ಸಾವಿರವನ್ನು ಬಿಟ್ಟು ಒಂದು ಕಂಬ ಹಿಡಿಯಿರಿ

ಮೂಡುಬಿದಿರೆಯ ದೊಡ್ಡ ಬಸದಿಗೆ ತ್ರಿಭುವನ ತಿಲಕ ಚೂಡಾಮಣಿ ಎಂದು ಹೆಸರು, ಒಳಗಿರುವವನು ಚಂದ್ರನಾಥ. ಕಟ್ಟಿದ್ದು 1430ರಲ್ಲಿ, ಕಾರ್ಕಳದ ಗೊಮ್ಮಟನಿಗಿಂತ ಎರಡೇ ವರ್ಷ ಮೊದಲು. ಆಗ ವಿಜಯನಗರದ ಸಿಂಹಾಸನದಲ್ಲಿ ಇಮ್ಮಡಿ ದೇವರಾಯನಿದ್ದ. 18 ಬಸದಿಗಳಿರುವ ಊರಿನಲ್ಲಿ ಇದೊಂದನ್ನೇ ನೋಡುವುದಾದರೂ ಒಂದು ಗಂಟೆ ಕಡಿಮೆಯೇ.

ಗೈಡ್ ಒಬ್ಬ 'ಸಾವಿರ ಕಂಬ' ಎಂದ ಕೂಡಲೇ ಜನ ಎಣಿಸಲು ತೊಡಗುತ್ತಾರೆ, ಇಲ್ಲವೇ ಇಷ್ಟು ಇರಲಿಕ್ಕಿಲ್ಲ ಎಂದು ವಾದಿಸುತ್ತಾರೆ. ನಾನು ಆ ವಾದಕ್ಕೆ ಬಹಳ ಕಾಲ ಇಳಿದಿದ್ದೇನೆ, ಯಾರಿಗೂ ಏನೂ ಸಿಕ್ಕಿಲ್ಲ. ಈಗ ಪ್ರತಿಯೊಬ್ಬರಿಗೂ ತಮಗೆ ಬೇಕಾದ ಒಂದೇ ಕಂಬ ಆರಿಸಿಕೊಂಡು ಅದರ ಮುಂದೆ ಐದು ನಿಮಿಷ ನಿಲ್ಲಲು ಹೇಳುತ್ತೇನೆ. ಒಂದರ ಹಾಗೆ ಇನ್ನೊಂದಿಲ್ಲ ಎಂಬ ಊರಿನವರ ಮಾತನ್ನು ಅವರೇ ಪಕ್ಕದ ಕಂಬಕ್ಕೆ ಹೋಗಿ ಪರೀಕ್ಷಿಸುತ್ತಾರೆ. ಒಬ್ಬ ಹುಡುಗ ತನ್ನ ಕಂಬದ ಬುಡದಲ್ಲಿ ಕಂಡ ಬಳ್ಳಿಯ ಗಂಟನ್ನು ಪೆನ್ಸಿಲಿನಲ್ಲಿ ಬಿಡಿಸಲು ಹೋಗಿ, ಅದರ ತುದಿ ಎಲ್ಲೂ ಸಿಗದೆ, ಹೊರಡುವ ಹೊತ್ತಾದರೂ ಏಳಲಿಲ್ಲ. ಅವನಿಗಾಗಿ ಕಾದೆವು.

ಆಮೇಲೆ ಎಲ್ಲರನ್ನೂ ಭೈರಾದೇವಿ ಮಂಟಪದ ಅಧಿಷ್ಠಾನದ ಬಳಿ ಸೇರಿಸುತ್ತೇನೆ. ಅಲ್ಲಿಯ ಕೆತ್ತನೆಗಳಲ್ಲಿ ಜಿರಾಫೆಯಂತೆ ಉದ್ದ ಕೊರಳಿನ ಪ್ರಾಣಿಯೂ ಚೀನಾದ ಡ್ರ್ಯಾಗನ್ನಿನಂಥ ಆಕೃತಿಯೂ ಇವೆ. ಆಫ್ರಿಕಾದ ಪ್ರಾಣಿ ಇಲ್ಲಿಗೆ ಹೇಗೆ ಬಂತು ಎಂದು ಕೇಳಿ ಸುಮ್ಮನಾಗುತ್ತೇನೆ. ಬೆಳಿಗ್ಗೆ ಮರಳಿನ ಮೇಲೆ ನಿಂತವರಲ್ಲಿ ಯಾರಾದರೊಬ್ಬರು 'ಹಡಗು' ಎನ್ನುತ್ತಾರೆ. ಆ ಕಾಲದಲ್ಲಿ ಅರಬ್ಬರ ಹಡಗುಗಳು ಆಫ್ರಿಕಾದ ತೀರಕ್ಕೂ ನಮ್ಮ ತೀರಕ್ಕೂ ಓಡಾಡುತ್ತಿದ್ದವು. 15ನೇ ಶತಮಾನದ ಆರಂಭದಲ್ಲಿ ಚೀನಾದ ಝೆಂಗ್ ಹೆಯ ನೌಕಾಪಡೆ ಕಲ್ಲಿಕೋಟೆಗೆ ಬಂದಿತ್ತು. ಶಿಲ್ಪಿ ಆ ಪ್ರಾಣಿಯನ್ನು ಕಂಡಿದ್ದನೋ, ನಾವಿಕರ ಬಾಯಿಂದ ಕೇಳಿದ್ದನೋ, ಅದನ್ನು ಕಲ್ಲು ಹೇಳುವುದಿಲ್ಲ. ಕಡಲಿನ ಸುದ್ದಿ ಇಲ್ಲಿಯ ಉಳಿಯ ತುದಿಯವರೆಗೆ ಬಂದಿತ್ತು ಎಂಬುದನ್ನು ಹೇಳುತ್ತದೆ.

9. ಮಳೆಗಾಲದಲ್ಲಿ ನಿಲ್ಲಿಸಬೇಡಿ

ಜೂನ್ ಬಂತೆಂದರೆ ರೆಸಾರ್ಟುಗಳು ಅರ್ಧ ಖಾಲಿ. ನಾನೂ ಪ್ರವಾಸ ನಿಲ್ಲಿಸುತ್ತಿದ್ದೆ. ಒಮ್ಮೆ ಒಂದು ಕುಟುಂಬ ಒತ್ತಾಯ ಮಾಡಿದ್ದರಿಂದ ಜುಲೈ ತಿಂಗಳ ಜಡಿಮಳೆಯಲ್ಲಿ ಹೊರಟೆ. ಮೂಡುಬಿದಿರೆಯ ಬಸದಿಯೊಳಗೆ ನಿಂತಾಗ, ವರ್ಷಗಟ್ಟಲೆ ನಾನು ತಪ್ಪಾಗಿ ವಿವರಿಸುತ್ತಿದ್ದುದು ಕಣ್ಣೆದುರು ಸರಿಯಾಯಿತು. 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಈ ಇಳಿಜಾರು ಮಾಡುಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದ್ದ. ಅದನ್ನು ಓದಿಕೊಂಡು ನಾನು 'ನೇಪಾಳ ಶೈಲಿ' ಎಂದು ಹೇಳುತ್ತ ಬಂದಿದ್ದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನೆಲದಲ್ಲಿ ಚಪ್ಪಟೆ ಮಾಡು ನಿಲ್ಲುವುದು ಕಷ್ಟ. ನಮ್ಮ ಗುತ್ತಿನ ಮನೆಗಳು, ದೇವಸ್ಥಾನಗಳು, ದನದ ಕೊಟ್ಟಿಗೆಗಳು ಎಲ್ಲವೂ ಮಳೆಗೆ ಬೆನ್ನು ಬಾಗಿಸಿಯೇ ನಿಂತಿವೆ. ಬಸದಿಯೂ ಹಾಗೆಯೇ. ಮೇಲೆ ತಾಮ್ರದ ಹೊದಿಕೆ, ಕೆಳಗೆ ಹೊರಚಾಚಿದ ಜಗಲಿ, ಒಳಗೆ ಒಣಗಿದ ನೆಲ. ನೀರು ಮಾಡಿನಿಂದ ಮಾಡಿಗೆ ಇಳಿಯುವುದನ್ನು ಜಗಲಿಯ ಮೇಲೆ ನಿಂತು ನೋಡಿದವರಿಗೆ ಈ ವಾಸ್ತುವಿನ ಬಗ್ಗೆ ಹೆಚ್ಚೇನೂ ಹೇಳಬೇಕಾಗಿಲ್ಲ. ನನ್ನನ್ನು ಕೇಳಿದರೆ ಮೂಡುಬಿದಿರೆ ನೋಡಲು ಜುಲೈಗಿಂತ ಒಳ್ಳೆಯ ತಿಂಗಳಿಲ್ಲ. ಕಾರ್ಕಳದ ಪಾದೆ ಮಾತ್ರ ಆಗ ಜಾರುತ್ತದೆ, ವಯಸ್ಸಾದವರ ಕೈ ಹಿಡಿದುಕೊಳ್ಳಿ.

10. ಕಣ್ಣಿಗೆ ಕಾಣದ್ದನ್ನೂ ಹೇಳಿ

ಮೂಡುಬಿದಿರೆಯ ಅತಿದೊಡ್ಡ ಸಂಪತ್ತು ಕಲ್ಲಲ್ಲ, ತಾಳೆಗರಿ. ದಿಗಂಬರ ಜೈನರ ಮೂಲ ಸಿದ್ಧಾಂತಗ್ರಂಥವಾದ ಷಟ್ಖಂಡಾಗಮ ಮತ್ತು ಅದರ ಧವಲಾ ಟೀಕೆಯ ಹಳೆಯ ಪ್ರತಿಗಳು ಉಳಿದದ್ದು ಈ ಊರಿನಲ್ಲಿ. ಹಳೆಗನ್ನಡ ಲಿಪಿಯಲ್ಲಿ ಬರೆದ ಆ ಓಲೆಗಳು ಶತಮಾನಗಳ ಕಾಲ ಗುರುಬಸದಿಯಲ್ಲಿ ದರ್ಶನಕ್ಕಷ್ಟೇ ಇದ್ದವು. ಪ್ರತಿ ಮಾಡುವ ಕೆಲಸ ಶುರುವಾದದ್ದು 19ನೇ ಶತಮಾನದ ಕೊನೆಯಲ್ಲಿ. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಅಚ್ಚಿನ ಮೊದಲ ಸಂಪುಟ ಬಂದದ್ದು 1939ರಲ್ಲಿ. ದಿನದ ಪ್ರವಾಸಿಗೆ ಇವು ಕಾಣಸಿಗುವುದಿಲ್ಲ. ಅದಕ್ಕೇ ನಾನು ಮೊದಲು ಈ ವಿಷಯವನ್ನೇ ಎತ್ತುತ್ತಿರಲಿಲ್ಲ. ಈಗ ವಾಪಸು ಬರುವ ದಾರಿಯಲ್ಲಿ ಹೇಳುತ್ತೇನೆ. ಮಳೆ, ಗೆದ್ದಲು, ಅರಸುಮನೆತನಗಳ ಏಳುಬೀಳು ಎಲ್ಲವನ್ನೂ ದಾಟಿ ಒಂದು ಸಣ್ಣ ಊರು ಓಲೆಯ ಕಟ್ಟುಗಳನ್ನು ಕಾಪಾಡಿತು ಎಂದು ಕೇಳಿದಾಗ ನಿದ್ದೆಗೆ ಜಾರಿದವರೂ ಎದ್ದು ಕೂರುತ್ತಾರೆ.

11. ಹಣ ಆ ಊರಿನಲ್ಲಿ ಉಳಿಯಲಿ

ಗೈಡ್‌ಗಳಿಗೆ ಕಮಿಷನ್ ಕೊಡುವ ಅಂಗಡಿಗಳು ಎಲ್ಲ ಪ್ರವಾಸಿ ದಾರಿಗಳಲ್ಲೂ ಇವೆ. ನಾನೂ ಕೆಲಕಾಲ ಅಂಥ ಒಂದು ಅಂಗಡಿಯ ಮುಂದೆ ಮುಕ್ಕಾಲು ಗಂಟೆ ವ್ಯಾನು ನಿಲ್ಲಿಸಿದ್ದುಂಟು. ಆ ಹೊತ್ತು ಬಸದಿಯ ಹೊತ್ತಿನಿಂದ ಕಳೆದದ್ದು ಎಂದು ಅರಿವಾದ ಮೇಲೆ ಬಿಟ್ಟೆ. ಆದಾಯ ಇಳಿಯಿತು, ನಿಜ. ಈಗ ಎಳನೀರು ಬೆಟ್ಟದ ಬುಡದಲ್ಲೇ, ಊಟ ಪೇಟೆಯ ಸಣ್ಣ ಹೋಟೆಲಿನಲ್ಲೇ. ವರಂಗಕ್ಕೆ ಹೋದ ದಿನ ಕೆರೆಯ ನಡುವಿನ ಬಸದಿಗೆ ಹುಟ್ಟು ಹಾಕಿಕೊಂಡು ಕರೆದೊಯ್ಯುವ ದೋಣಿಯವರಿಗೆ ಅತಿಥಿಗಳ ಕೈಯಿಂದಲೇ ಹಣ ಕೊಡಿಸುತ್ತೇನೆ. ಆ ದೋಣಿ ನಿಂತರೆ ಕೆರೆ ಬಸದಿಗೆ ಬೇರೆ ದಾರಿಯಿಲ್ಲ.

ಕಾರ್ಕಳದಲ್ಲಿ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ ನಡೆಯುತ್ತದೆ. ಕಳೆದದ್ದು 2015ರ ಜನವರಿಯಲ್ಲಿ ಆಯಿತು. ಆ ದಿನಗಳಲ್ಲಿ ಬೆಟ್ಟದ ಮೇಲೆ ಕಾಲಿಡಲು ಜಾಗವಿರುವುದಿಲ್ಲ, ಅದು ಬೇರೆಯೇ ಅನುಭವ. ಉಳಿದ ವರ್ಷಗಳಲ್ಲಿ, ಯಾವುದಾದರೂ ವಾರದ ದಿನ ಬೆಳಿಗ್ಗೆ, ಗೊಮ್ಮಟನ ಮುಂದೆ ನೀವು ಹತ್ತಾರು ಜನರಷ್ಟೇ ಇರುತ್ತೀರಿ. ಕಡಲಿಗೆಂದು ಬಂದವರು ಒಂದು ದಿನ ಕೊಡಿ. ನಿಮ್ಮನ್ನು ಕರೆದೊಯ್ಯುವವರು ಐದು ಜಾಗಗಳ ಪಟ್ಟಿ ಮುಂದಿಟ್ಟರೆ ಎರಡನ್ನು ನೀವೇ ಹೊಡೆದುಹಾಕಿ, ಮತ್ತು ಚಾಲಕರ ಮನೆಯ ದೈವ ಯಾವುದು ಎಂದು ದಾರಿಯಲ್ಲಿ ಕೇಳಿ.